ಮನೆಯ ಸರ್ವರ್: ಹಳೆಯ ವ್ಯವಸ್ಥೆಯಲ್ಲೇ ಇರುವುದೋ, ಹೊಸದಕ್ಕೆ ಹೋಗುವುದೋ

(ಗ್ರಾಮ ವಾಚನಾಲಯವೊಂದರಲ್ಲಿ ಕೃಷಿಕರು ಹಾಗೂ ವಿದ್ಯಾರ್ಥಿಗಳು ಸೇರಿದ್ದ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



2025ರ ಆಗಸ್ಟ್ 9ರಂದು ಡೆಬಿಯನ್ ಎಂಬ ಮುಕ್ತ ಕಾರ್ಯಾಚರಣ ವ್ಯವಸ್ಥೆಯ 13ನೆಯ ಆವೃತ್ತಿ ಬಿಡುಗಡೆಯಾಯಿತು. 'ಟ್ರಿಕ್ಸಿ' ಎಂಬುದು ಅದರ ಅಡ್ಡಹೆಸರು. ಡೆಬಿಯನ್ನಿನ ಆವೃತ್ತಿಗಳಿಗೆ 'ಟಾಯ್ ಸ್ಟೋರಿ' ಚಲನಚಿತ್ರದ ಗೊಂಬೆಗಳ ಹೆಸರಿಡುವುದು ರೂಢಿ. 1993ರಲ್ಲಿ ಇಯಾನ್ ಮರ್ಡಾಕ್ ಎಂಬ ವಿದ್ಯಾರ್ಥಿ ಆರಂಭಿಸಿದ ಈ ಕೆಲಸವನ್ನು ಅಂದಿನಿಂದ ಜಗತ್ತಿನ ಹಲವು ಕಡೆಯ ಸ್ವಯಂಸೇವಕರು ಕೂಡಿ ನಡೆಸಿಕೊಂಡು ಬಂದಿದ್ದಾರೆ. ಬಳಸುವವರು ಹಣ ಕೊಡಬೇಕಿಲ್ಲ, ನಕಲು ಮಾಡಿ ನೆರೆಯವರಿಗೆ ಹಂಚಿದರೆ ತಪ್ಪೂ ಇಲ್ಲ.

ಹೊಸ ಆವೃತ್ತಿಯ ಬಿಡುಗಡೆ ಟಿಪ್ಪಣಿಯಲ್ಲಿ ಮಲೆನಾಡಿನ ಮನೆಗಳಿಗೂ ತಟ್ಟುವ ಒಂದು ಸಂಗತಿಯಿದೆ. 32 ಬಿಟ್‌ನ ಹಳೆಯ ಪಿಸಿಗಳಿಗೆ ಇನ್ನು ಮುಂದೆ ಅಧಿಕೃತ ಕರ್ನೆಲ್ ಇಲ್ಲ, ಅನುಸ್ಥಾಪಕವೂ ಇಲ್ಲ. ಅಂತಹ ವ್ಯವಸ್ಥೆಯನ್ನು ಓಡಿಸುತ್ತಿರುವವರು ಹೊಸ ಆವೃತ್ತಿಗೆ ಏರಿಸಲು ಹೋಗಬಾರದು; ಸಾಧ್ಯವಿದ್ದರೆ 64 ಬಿಟ್ ವ್ಯವಸ್ಥೆಯನ್ನು ಹೊಸದಾಗಿ ಸ್ಥಾಪಿಸಿಕೊಳ್ಳಬೇಕು, ಇಲ್ಲವಾದರೆ ಯಂತ್ರಕ್ಕೆ ನಿವೃತ್ತಿ ಕೊಡಬೇಕು ಎಂಬುದು ಟಿಪ್ಪಣಿಯ ಸಲಹೆ. ಪೇಟೆಯ ಕಚೇರಿಗಳಲ್ಲಿ ಹಳತಾಗಿ ಹೊರಬಿದ್ದ ಗಣಕಯಂತ್ರಗಳು ಹಳ್ಳಿಯ ಮನೆಗಳಿಗೂ ಶಾಲೆಗಳಿಗೂ ಬಂದು ಇನ್ನೂ ಹತ್ತು ವರ್ಷ ದುಡಿಯುವುದು ಇಲ್ಲಿ ಹೊಸತಲ್ಲ. ಆದ್ದರಿಂದ ಈ ಸಲಹೆಯನ್ನು ಓದಿ ಬದಿಗಿಡುವ ಮುನ್ನ ಅದರ ಹಿಂದುಮುಂದನ್ನು ತಿಳಿಯುವುದು ಅಗತ್ಯ.

ಸರ್ವರ್ ಎಂದೊಡನೆ ಬೆಂಗಳೂರಿನ ಕಂಪನಿಗಳ ತಂಪು ಕೋಣೆಗಳು ನೆನಪಾಗುವುದು ಸಹಜ. ಮನೆಯ ಸರ್ವರ್ ಅಷ್ಟು ದೊಡ್ಡ ಸಂಗತಿಯಲ್ಲ. ಮೆತ್ತಿನ ಮೂಲೆಯಲ್ಲಿಟ್ಟ ಹಳೆಯ ಯಂತ್ರವೊಂದು ಮನೆಮಂದಿಯ ಕಡತಗಳನ್ನೆಲ್ಲ ಒಂದೆಡೆ ಇರಿಸಿಕೊಂಡು, ಮನೆಯೊಳಗಿನ ಇತರ ಯಂತ್ರಗಳೂ ಮೊಬೈಲುಗಳೂ ಕೇಳಿದಾಗ ಕೊಟ್ಟರೆ ಅದೇ ಸರ್ವರ್. ಆಷಾಢದಲ್ಲಿ ಮರ ಬಿದ್ದು ತಂತಿ ಹರಿದರೆ, ಗೋಪುರದ ಬ್ಯಾಟರಿ ಇಳಿದರೆ ಊರಿಗೆ ಅಂತರಜಾಲವಿಲ್ಲ. ದೂರದ ಕಂಪನಿಯ ಯಂತ್ರದಲ್ಲಿಟ್ಟ ಕಡತ ಆಗ ಕೈಗೆ ಸಿಗದು. ಮನೆಯೊಳಗಿನದು ಇನ್ವರ್ಟರ್ ಇರುವಷ್ಟು ಹೊತ್ತು ಸಿಗುತ್ತದೆ. ಬೆಟ್ಟದ ಊರುಗಳಲ್ಲಿ ಇಂತಹ ಯಂತ್ರ ಇಟ್ಟುಕೊಳ್ಳುವುದಕ್ಕೆ ಇದಕ್ಕಿಂತ ಬೇರೆ ಕಾರಣ ಬೇಕಿಲ್ಲ.

ವಿಚಾರ ಗಾಳಿಯಲ್ಲಿ ತೇಲದಿರಲೆಂದು ಅಡಿಕೆ ತೋಟದ ಒಂದು ಮನೆಯನ್ನು ಭಾವಿಸಿಕೊಳ್ಳಿ. ಮನೆಯ ಹಿರಿಯರು ನಲವತ್ತು ವರ್ಷಗಳಿಂದ ಅಂಗಳದ ಮಳೆಮಾಪಕವನ್ನು ಪ್ರತಿ ಮುಂಜಾನೆ ನೋಡಿ ಬರೆದಿಟ್ಟವರು. ಬರೆದ ಪುಸ್ತಕಗಳಲ್ಲಿ ಕೆಲವನ್ನು ವರಲೆ ತಿಂದಿದೆ. ಅದೃಷ್ಟಕ್ಕೆ ಅಷ್ಟರೊಳಗೆ ಮೊಮ್ಮಗಳು ಅಂಕಿಗಳನ್ನೆಲ್ಲ ಗಣಕಕ್ಕೆ ಸೇರಿಸಿದ್ದಳು. ಅದೇ ಯಂತ್ರದಲ್ಲಿ ಕಾಡಿನ ಗಿಡಗಳ ಚಿತ್ರಗಳಿವೆ, ತೋಟದ ಖರ್ಚಿನ ಲೆಕ್ಕವಿದೆ, ನುಡಿ ಮತ್ತು ಬರಹ ತಂತ್ರಾಂಶಗಳ ಕಾಲದಲ್ಲಿ ಬೆರಳಚ್ಚಿಸಿದ ಹಳೆಯ ಪತ್ರಗಳಿವೆ. ಯಂತ್ರದಲ್ಲಿರುವುದು ಡೆಬಿಯನ್ 11. ಅದನ್ನು ಏರಿಸಬೇಕೆಂದು ಮೊಮ್ಮಗಳು ಹೇಳಿದರೆ ಅಜ್ಜನ ಉತ್ತರ, "ಓಡುತ್ತಿರುವ ಗಾಡಿಯ ಕೀಲು ಬಿಚ್ಚುವುದೇಕೆ?" ಅವಳ ಮರುಪ್ರಶ್ನೆ, "ಅಜ್ಜಾ, ನಿಮ್ಮ ಮಳೆಲೆಕ್ಕ ಇರುವುದೇ ಅದರಲ್ಲಿ. ಹೋದರೆ ಮತ್ತೆ ಬರೆದುಕೊಡುತ್ತೀರಾ?"

ಅಜ್ಜನ ಮಾತನ್ನು ಹಿಂದುಳಿದ ಬುದ್ಧಿಯೆಂದು ತಳ್ಳಿಹಾಕುವಂತಿಲ್ಲ. ಹೊಸ ತಳಿ, ಹೊಸ ಗೊಬ್ಬರ, ಹೊಸ ಔಷಧಿ ಎಂದು ಬಂದುದನ್ನೆಲ್ಲ ಒಡನೆ ತೋಟಕ್ಕಿಳಿಸಿದವರು ಕಂಡ ನಷ್ಟವನ್ನು ಈ ಸೀಮೆ ಬಲ್ಲದು. ಆದರೆ ಕಾರ್ಯಾಚರಣ ವ್ಯವಸ್ಥೆಯ ವಿಷಯದಲ್ಲಿ 'ಹಳೆಯದು' ಎಂಬ ಒಂದೇ ಮಾತಿನಡಿ ಎರಡು ಬೇರೆ ಸ್ಥಿತಿಗಳು ಅಡಗಿವೆ: ದುರಸ್ತಿ ಕಾಣುತ್ತಿರುವ ಹಳೆಯದು ಒಂದು, ದುರಸ್ತಿ ನಿಂತುಹೋದ ಹಳೆಯದು ಇನ್ನೊಂದು.

ಡೆಬಿಯನ್ನಿನಲ್ಲಿ ಸ್ಥಿರ ಆವೃತ್ತಿಯೊಂದು ಹೊರಬಿದ್ದ ಮೇಲೆ ಅದರೊಳಗಿನ ತಂತ್ರಾಂಶಗಳನ್ನು ಸಾಮಾನ್ಯವಾಗಿ ಹೊಸ ರೂಪಕ್ಕೆ ಬದಲಿಸುವುದಿಲ್ಲ. ಎಲ್ಲಾದರೂ ಭದ್ರತೆಯ ತೂತು ಕಂಡರೆ ಆ ತೂತಿಗಷ್ಟೇ ತೇಪೆ ಹಾಕುತ್ತಾರೆ. ಹೀಗಾಗಿ ನಾಲ್ಕು ವರ್ಷ ಹಳೆಯ ವ್ಯವಸ್ಥೆಯೂ ಆರೋಗ್ಯವಾಗಿರಬಲ್ಲದು. ಒಂದು ಆವೃತ್ತಿಗೆ ಸುಮಾರು ಮೂರು ವರ್ಷ ಪೂರ್ಣ ರಕ್ಷಣೆ, ಆ ಬಳಿಕ ದೀರ್ಘಕಾಲೀನ ರಕ್ಷಣೆ ಎಂಬ ಹೆಸರಿನಲ್ಲಿ ಇನ್ನೆರಡು ವರ್ಷ, ಒಟ್ಟು ಐದು ವರ್ಷದ ಆಸುಪಾಸು. 2021ರ ಆಗಸ್ಟ್ 14ರಂದು ಬಂದ ಡೆಬಿಯನ್ 11ಕ್ಕೆ ಈ ಅವಧಿ 2026ರ ಆಗಸ್ಟ್ 31ಕ್ಕೆ ಮುಗಿಯುತ್ತದೆ. 2023ರ ಜೂನ್ 10ರಂದು ಬಂದ 12ಕ್ಕೆ 2028ರ ಜೂನ್ 30. ಟ್ರಿಕ್ಸಿಗೆ 2030ರ ಜೂನ್ 30. ಈ ದಿನಾಂಕ ದಾಟಿದ ಮರುದಿನ ಯಂತ್ರವೇನೂ ನಿಲ್ಲುವುದಿಲ್ಲ. ಪರದೆಯ ಮೇಲೆ ಎಲ್ಲವೂ ನಿನ್ನೆಯಂತೆಯೇ ಕಾಣುತ್ತದೆ. ಓಡುತ್ತಿದೆಯೆಂಬ ಧೈರ್ಯ ಹುಟ್ಟುವುದು ಅಲ್ಲಿಂದಲೇ. ಆದರೆ ಅಂದಿನಿಂದ ಕಾಣುವ ಹೊಸ ತೂತುಗಳಿಗೆ ತೇಪೆ ಬರುವುದಿಲ್ಲ.

ಕೊಳೆರೋಗದ ಅನುಭವವಿರುವವರಿಗೆ ಇದು ಬೇಗ ತಿಳಿಯುತ್ತದೆ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರಿನ ಬೋರ್ಡೋ ದ್ರಾವಣವನ್ನು ಮಳೆ ಹಿಡಿಯುವ ಮುನ್ನ ಕೊನೆಗೆ ಹೊಡೆಯುತ್ತಾರೆ, ನಲವತ್ತು ನಲವತ್ತೈದು ದಿನ ಕಳೆದು ಮತ್ತೊಮ್ಮೆ ಹೊಡೆಯುತ್ತಾರೆ. ಹೊಡೆಯುವ ದಿನ ಕಾಯಿ ಹಸಿರಾಗಿಯೇ ಇರುತ್ತದೆ, ರೋಗದ ಚಿಹ್ನೆಯೂ ಇರುವುದಿಲ್ಲ. ಕಾಯಿ ಉದುರತೊಡಗಿದ ಮೇಲೆ ಹೊಡೆದ ಮದ್ದು ಉದುರಿದ್ದನ್ನು ಮರಳಿ ಮರಕ್ಕೆ ಕಟ್ಟದು. ತೇಪೆಯ ಸಮಾಚಾರವೂ ಹಾಗೆಯೇ. 2017ರ ಮೇ 12ರಂದು 'ವಾನಾಕ್ರೈ' ಎಂಬ ಗಣಕಹುಳು ನೂರೈವತ್ತರಷ್ಟು ದೇಶಗಳಿಗೆ ಹಬ್ಬಿ ಕಡತಗಳಿಗೆ ಬೀಗ ಜಡಿದು ಹಣ ಕೇಳಿತು. ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ರೋಗಿಗಳನ್ನು ಹಿಂದಕ್ಕೆ ಕಳುಹಿಸಬೇಕಾಯಿತು. ಅದು ನುಗ್ಗಿದ ತೂತಿಗೆ ಮೈಕ್ರೋಸಾಫ್ಟ್ ತೇಪೆ ಕೊಟ್ಟದ್ದು ಅದೇ ವರ್ಷ ಮಾರ್ಚ್ 14ರಂದು, ಅಂದರೆ 59 ದಿನ ಮೊದಲು. ಹಾಕಿಕೊಂಡವರು ಉಳಿದರು. ರಕ್ಷಣೆಯ ಅವಧಿ ಆಗಲೇ ಮುಗಿದಿದ್ದ ವಿಂಡೋಸ್ ಎಕ್ಸ್‌ಪಿಗೆ ತೇಪೆಯನ್ನು ಎಲ್ಲರಿಗೂ ಕೊಟ್ಟದ್ದು ಹುಳು ಹಬ್ಬಿದ ಮೇಲೆ.

ಹಾಗೆಂದು ಹೊಸದೆಲ್ಲ ಕ್ಷೇಮ ಎಂಬ ತೀರ್ಮಾನಕ್ಕೂ ಬರುವಂತಿಲ್ಲ. 2014ರ ಏಪ್ರಿಲ್‌ನಲ್ಲಿ ಬಯಲಾದ 'ಹಾರ್ಟ್‌ಬ್ಲೀಡ್' ಎಂಬ ದೋಷವಿದ್ದದ್ದು ಓಪನ್‌ಎಸ್‌ಎಸ್‌ಎಲ್ ತಂತ್ರಾಂಶದ 1.0.1 ಆವೃತ್ತಿಯಲ್ಲಿ. ಅದಕ್ಕಿಂತ ಹಳೆಯದಾದ 0.9.8 ಆವೃತ್ತಿಯಲ್ಲೇ ಉಳಿದಿದ್ದವರಿಗೆ ಅದು ತಟ್ಟಲಿಲ್ಲ. 2024ರ ಮಾರ್ಚ್ 29ರಂದು ಆಂಡ್ರೆಸ್ ಫ್ರಾಯಿಂಡ್ ಎಂಬ ತಂತ್ರಜ್ಞರು ಇನ್ನೂ ಗಂಭೀರವಾದ ಸಂಗತಿಯೊಂದನ್ನು ಹೊರಗೆಡಹಿದರು. ಎಕ್ಸ್‌ಜೆಡ್ ಎಂಬ ಕಡತ ಕುಗ್ಗಿಸುವ ತಂತ್ರಾಂಶದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಯಾರೋ ಬೇಕೆಂದೇ ಹಿಂಬಾಗಿಲೊಂದನ್ನು ಇರಿಸಿದ್ದರು. ದೂರದ ಯಂತ್ರಕ್ಕೆ ಪ್ರವೇಶಿಸುವಾಗ ಅರ್ಧ ಸೆಕೆಂಡಿನಷ್ಟು ವಿಳಂಬವಾದುದನ್ನು ಬೆನ್ನಟ್ಟಿ ಅವರು ಅದನ್ನು ಪತ್ತೆಹಚ್ಚಿದರು. ಡೆಬಿಯನ್ನಿನ ಪರೀಕ್ಷಾ ಆವೃತ್ತಿಗಳಲ್ಲಿ ಅದು ಸೇರಿಕೊಂಡಿತ್ತು, ಸ್ಥಿರ ಆವೃತ್ತಿಗೆ ಬಂದಿರಲಿಲ್ಲ. ಹೊಸದು ಬಂದ ವಾರವೇ ಏರಿಸಲು ಹೊರಡುವವರು ಈ ಎರಡು ಪ್ರಸಂಗಗಳನ್ನು ನೆನಪಿಡಬೇಕು. ಮೊದಲನೆಯದರಲ್ಲಿ ಹಳಬರು ಪಾರಾದದ್ದು ಅದೃಷ್ಟದಿಂದ. ಅದನ್ನೇ ನೀತಿಯಾಗಿ ಮಾಡಿಕೊಳ್ಳಲಾಗದು. ಎರಡನೆಯದರಲ್ಲಿ ಸ್ಥಿರ ಆವೃತ್ತಿಯವರು ಉಳಿದದ್ದು ಮಾತ್ರ ನಿಧಾನಿಸುವ ಪದ್ಧತಿಯಿಂದ. ಬಿಡುಗಡೆಯಾಗಿ ಮೂರು ನಾಲ್ಕು ತಿಂಗಳು ಕಳೆದು, ಮೊದಲ ತಿದ್ದುಪಡಿಗಳು ಬಂದ ಮೇಲೆ ಏರಿಸಿದರೆ ಮನೆಯ ಸರ್ವರಿಗೆ ಯಾವ ನಷ್ಟವೂ ಇಲ್ಲ.

ಮೊದಲು ಯಂತ್ರ ಎಷ್ಟು ಬಿಟ್‌ನದು ಎಂದು ತಿಳಿಯಬೇಕು. ಇಲ್ಲಿ ಹಲವರು ಎಡವುತ್ತಾರೆ. ಯಂತ್ರದ ಪ್ರೊಸೆಸರ್ ಒಂದು, ಅದರ ಮೇಲೆ ಸ್ಥಾಪಿಸಿದ ವ್ಯವಸ್ಥೆ ಇನ್ನೊಂದು. 2006ರ ಆರಂಭದಲ್ಲಿ ಬಂದ ಇಂಟೆಲ್ 'ಕೋರ್ ಡ್ಯುಯೊ' 32 ಬಿಟ್ ಮಾತ್ರ ಬಲ್ಲದು. ಅದೇ ವರ್ಷದ ಜುಲೈಯಲ್ಲಿ ಬಂದ 'ಕೋರ್ 2 ಡ್ಯುಯೊ' 64 ಬಿಟ್ ಬಲ್ಲದು. ನಡುವಿನ ಒಂದು ಅಂಕಿಯಿಂದ ಯಂತ್ರದ ಭವಿಷ್ಯವೇ ಬೇರೆಯಾಗುತ್ತದೆ. 2008ರ ಸುಮಾರಿಗೆ ಬಂದ ಪುಟ್ಟ ನೆಟ್‌ಬುಕ್‌ಗಳಲ್ಲಿದ್ದ ಆಟಮ್ ಎನ್270 ಪ್ರೊಸೆಸರ್ ಕೂಡ 32 ಬಿಟ್‌ನದೇ. ಎಲ್‌ಎಸ್‌ಸಿಪಿಯು ಎಂಬ ಆದೇಶ ಕೊಟ್ಟರೆ ಪ್ರೊಸೆಸರ್ ಯಾವ ಬಗೆಗಳಲ್ಲಿ ಓಡಬಲ್ಲದೆಂದು ಎರಡನೆಯ ಸಾಲಿನ ಆಸುಪಾಸಿನಲ್ಲೇ ಕಾಣುತ್ತದೆ. ಅಲ್ಲಿ 64 ಎಂದಿದ್ದರೂ ಮೇಲಿನ ವ್ಯವಸ್ಥೆ 32 ಬಿಟ್‌ನದಾಗಿರಬಹುದು. ಹಿಂದೆ ಕೈಗೆ ಸಿಕ್ಕ ಸಿಡಿಯಿಂದ ಹಾಗೆಯೇ ಸ್ಥಾಪಿಸಿಬಿಟ್ಟವರು ಬಹಳ. ಭಾವಿಸಿಕೊಂಡ ಮನೆಯ ಯಂತ್ರವೂ ಇದೇ ಬಗೆಯದು ಎಂದಿಟ್ಟುಕೊಳ್ಳಿ: ಕೋರ್ 2 ಡ್ಯುಯೊ ಪ್ರೊಸೆಸರ್, ಎರಡು ಜಿಬಿ ಮೆಮೊರಿ, ಮೇಲೆ 32 ಬಿಟ್‌ನ ಡೆಬಿಯನ್ 11. ಹೀಗಿದ್ದರೆ ಯಂತ್ರವನ್ನು ಎಸೆಯಬೇಕಿಲ್ಲ. ಇದ್ದ ವ್ಯವಸ್ಥೆಯ ಮೇಲೆಯೇ ಏರಿಸುವ ದಾರಿಯನ್ನು ಮಾತ್ರ ಬಿಡಬೇಕು.

32 ಬಿಟ್ ಅನ್ನು ಕೈಬಿಡುವುದಕ್ಕೆ ನಿರ್ವಹಿಸುವ ಜನರ ಕೊರತೆಯಲ್ಲದೆ ಇನ್ನೊಂದು ಹಿನ್ನೆಲೆಯೂ ಇದೆ. ಯುನಿಕ್ಸ್ ಮಾದರಿಯ ವ್ಯವಸ್ಥೆಗಳು ಕಾಲವನ್ನು 1970ರ ಜನವರಿ 1ರಿಂದ ಕಳೆದ ಸೆಕೆಂಡುಗಳಲ್ಲಿ ಎಣಿಸುತ್ತವೆ. 32 ಬಿಟ್‌ನ ಡಬ್ಬಿಯಲ್ಲಿ ಹಿಡಿಸುವ ದೊಡ್ಡ ಸಂಖ್ಯೆ 2,14,74,83,647. ಅಷ್ಟು ಸೆಕೆಂಡುಗಳು ತುಂಬುವುದು 2038ರ ಜನವರಿ 19ರಂದು, ಭಾರತೀಯ ಕಾಲಮಾನ ಬೆಳಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ. ಮರು ಸೆಕೆಂಡಿಗೆ ಆ ಲೆಕ್ಕ 1901ಕ್ಕೆ ಜಿಗಿಯುತ್ತದೆ. ಟ್ರಿಕ್ಸಿಯಲ್ಲಿ ಹಳೆಯ ಪಿಸಿಯ ಆ ಒಂದು ಬಗೆಯನ್ನು ಬಿಟ್ಟು ಉಳಿದೆಲ್ಲ ಬಗೆಗಳಲ್ಲಿ ಕಾಲದ ಡಬ್ಬಿಯನ್ನು 64 ಬಿಟ್‌ಗೆ ಹಿಗ್ಗಿಸಲಾಗಿದೆ. ದಿನದಿನದ ಮಳೆಯನ್ನು ಹತ್ತಾರು ವರ್ಷ ಮುಂದಕ್ಕೂ ಬರೆಯಬೇಕೆಂದಿರುವ ಮನೆಗೆ ಇದು ಕೇವಲ ಕುತೂಹಲದ ಮಾತಲ್ಲ.

ಪರಿಸರದ ದೃಷ್ಟಿಯಿಂದ ಹಳೆಯ ಯಂತ್ರವನ್ನು ಉಳಿಸುವುದು ಒಳ್ಳೆಯದೇ? ಇ-ತ್ಯಾಜ್ಯದ ಹೊರೆಯನ್ನು ಬಲ್ಲವರು ಹೌದೆಂದೇ ಹೇಳುತ್ತಾರೆ, ಅದರಲ್ಲಿ ಹುರುಳೂ ಇದೆ. ವಿಂಡೋಸ್ 10ರ ಸಾಮಾನ್ಯ ರಕ್ಷಣೆ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಬೇಡುವ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇಲ್ಲವೆಂಬ ಕಾರಣಕ್ಕೆ ಚೆನ್ನಾಗಿ ಓಡುವ ಯಂತ್ರಗಳೂ ಅಂಗಡಿಯವರ ಮಾತಿನಲ್ಲಿ 'ಸ್ಕ್ರಾಪ್' ಆದವು. ಅವುಗಳಲ್ಲಿ ಬಹುಪಾಲು 64 ಬಿಟ್‌ನವು, ಡೆಬಿಯನ್ ಹಾಕಿದರೆ ಇನ್ನೂ ಹಲವು ವರ್ಷ ದುಡಿಯಬಲ್ಲವು. ಆದರೆ ಎಸೆಯದೆ ಉಳಿಸುವುದಷ್ಟೇ ಪರಿಸರದ ಲೆಕ್ಕವಲ್ಲ. ಕರೆಂಟಿನ ಲೆಕ್ಕವನ್ನೂ ಹಾಕಬೇಕು.

ಹಳೆಯ ಯಂತ್ರ ಸುಮ್ಮನೆ ಕುಳಿತಾಗಲೂ 70 ವ್ಯಾಟ್ ಎಳೆಯುತ್ತದೆ ಎಂದಾದರೆ ಹಗಲಿರುಳು ಓಡಿಸಿದಾಗ ವರ್ಷಕ್ಕೆ 613 ಯೂನಿಟ್. ಅಂಗೈಯಷ್ಟು ದೊಡ್ಡದಾದ 6 ವ್ಯಾಟಿನ ಗಣಕವಾದರೆ ವರ್ಷಕ್ಕೆ 53 ಯೂನಿಟ್. ಶರಾವತಿ, ಕಾಳಿ ನದಿಗಳ ಹಿನ್ನೀರಿನಲ್ಲಿ ಊರು ಕಳೆದುಕೊಂಡವರ ನಡುವೆ ಕುಳಿತು ಆ ಐನೂರು ಚಿಲ್ಲರೆ ಯೂನಿಟ್ಟನ್ನು ಲೆಕ್ಕಕ್ಕಿಲ್ಲವೆನ್ನಲಾಗದು. ಹಾಗಾದರೆ ಹೊಸದನ್ನು ಕೊಳ್ಳಬೇಕೆ? ಮನೆಯ ಸರ್ವರ್ ಹಗಲಿರುಳು ಓಡಲೇಬೇಕೆಂದು ಯಾರೂ ವಿಧಿಸಿಲ್ಲ. ಸಂಜೆ ಮೂರು ಗಂಟೆ ಮಾತ್ರ ಓಡಿಸಿದರೆ ಹಳೆಯ 70 ವ್ಯಾಟಿನ ಯಂತ್ರವೂ ವರ್ಷಕ್ಕೆ 77 ಯೂನಿಟ್ ಮಾತ್ರ ತೆಗೆದುಕೊಳ್ಳುತ್ತದೆ, ರಾತ್ರಿಯ ಸಿಡಿಲಿಗೂ ಸಿಕ್ಕದೆ ಉಳಿಯುತ್ತದೆ.

ಈ 70 ಎಂಬುದನ್ನು ಯಾರೂ ಹಾಗೆಯೇ ನಂಬಬೇಕಿಲ್ಲ, ವಿದ್ಯಾರ್ಥಿಗಳು ತಾವೇ ಅಳೆಯಬಹುದು. ಮನೆಯ ವಿದ್ಯುತ್ ಮೀಟರಿನಲ್ಲಿ ಒಂದು ಯೂನಿಟ್ಟಿಗೆ ದೀಪ ಎಷ್ಟು ಬಾರಿ ಮಿಟುಕುತ್ತದೆಂದು ಮುದ್ರಿಸಿರುತ್ತಾರೆ. 3200 ಎಂದಿದ್ದರೆ, ಬೇರೆಲ್ಲವನ್ನೂ ಆರಿಸಿ ಗಣಕವೊಂದನ್ನೇ ಓಡಿಸಿ ಗಡಿಯಾರ ಹಿಡಿದು ಎಣಿಸಬೇಕು. ಗಂಟೆಗೆ 224 ಬಾರಿ ಮಿಟುಕಿದರೆ 70 ವ್ಯಾಟ್. ಹತ್ತು ನಿಮಿಷ ಎಣಿಸಿ ಆರರಿಂದ ಗುಣಿಸಿದರೂ ಸಾಕು.

ಇನ್ನು ಏರಿಸಿದಾಗ ಏನು ಮುರಿಯುತ್ತದೆ ಎಂಬುದು. ಅಜ್ಜನ ಭಯಕ್ಕೆ ನಿಜವಾದ ಆಧಾರ ಇಲ್ಲಿದೆ, ಆದ್ದರಿಂದ ತುಸು ವಿಸ್ತಾರವಾಗಿ ಹೇಳಬೇಕು.

ದತ್ತಸಂಚಯ ಮೊದಲನೆಯದು. ಮಳೆಯ ಅಂಕಿಗಳು ಪೋಸ್ಟ್‌ಗ್ರೆಸ್‌ನಲ್ಲಿದ್ದರೆ, ಡೆಬಿಯನ್ 11ರಲ್ಲಿರುವುದು ಅದರ 13ನೆಯ ಆವೃತ್ತಿ, 12ರಲ್ಲಿ 15, ಟ್ರಿಕ್ಸಿಯಲ್ಲಿ 17. ಹೊಸ ಪೋಸ್ಟ್‌ಗ್ರೆಸ್ ಹಳೆಯದರ ಕಡತಗಳನ್ನು ನೇರವಾಗಿ ಓದುವುದಿಲ್ಲ. ಏರಿಸುವ ಮೊದಲೇ ಎಲ್ಲವನ್ನೂ ಸರಳ ಪಠ್ಯರೂಪದಲ್ಲಿ ಹೊರತೆಗೆದಿಟ್ಟುಕೊಳ್ಳಬೇಕು. ಅಂಕಿಗಳು ಅಲ್ಪವಿರಾಮದಿಂದ ಬೇರ್ಪಡಿಸಿದ ಸಾದಾ ಕಡತದಲ್ಲೇ ಇದ್ದರೆ ಈ ತಲೆನೋವೇ ಇಲ್ಲ. ದಿನಕ್ಕೊಂದು ಅಂಕಿಯಂತೆ ನಲವತ್ತು ವರ್ಷಕ್ಕೆ ಹದಿನೈದು ಸಾವಿರ ಸಾಲು ಕೂಡ ಆಗದು. ಅಷ್ಟಕ್ಕೆ ದತ್ತಸಂಚಯದ ಭಾರ ಹೊರಿಸಬೇಕೇ ಎಂಬುದನ್ನು ಇದೇ ಸಂದರ್ಭದಲ್ಲಿ ಯೋಚಿಸಬಹುದು.

ಮನೆಯಲ್ಲೇ ಬರೆದ ಪುಟ್ಟ ಕ್ರಮವಿಧಿಗಳು ಎರಡನೆಯದು. ಪೈಥಾನ್ 2 ಭಾಷೆಯ ನಿರ್ವಹಣೆ 2020ರ ಜನವರಿ 1ಕ್ಕೆ ಮುಗಿಯಿತು, ಡೆಬಿಯನ್ 12ರಲ್ಲಿ ಅದು ಇಲ್ಲವೇ ಇಲ್ಲ. ತಿಂಗಳ ಸರಾಸರಿ ತೆಗೆಯಲು ಯಾರೋ 2009ರಲ್ಲಿ ಬರೆದುಕೊಟ್ಟ ಹತ್ತು ಸಾಲುಗಳು ಅಲ್ಲಿ ಓಡವು. ತಿದ್ದುವುದು ಕಷ್ಟವಲ್ಲ, ಆದರೆ ಮೊದಲೇ ಗೊತ್ತಿರಬೇಕು.

ಬಾಗಿಲ ಬೀಗದ ವಿಷಯ ಇನ್ನೂ ಸೂಕ್ಷ್ಮ. ಪರದೆಯಿಲ್ಲದ ಸರ್ವರಿಗೆ ಇನ್ನೊಂದು ಯಂತ್ರದಿಂದ ಎಸ್‌ಎಸ್‌ಎಚ್ ಮೂಲಕ ಪ್ರವೇಶಿಸುವುದು ವಾಡಿಕೆ. ಬಹಳ ಹಿಂದೆ ಮಾಡಿಕೊಂಡ ಡಿಎಸ್‌ಎ ಬಗೆಯ ಕೀಲಿಗಳನ್ನು ಟ್ರಿಕ್ಸಿಯ ಓಪನ್‌ಎಸ್‌ಎಸ್‌ಎಚ್ ಒಪ್ಪುವುದಿಲ್ಲ. ಜಾಲದ ಕಾರ್ಡಿನ ಹೆಸರೂ ಬದಲಾಗಬಹುದೆಂದು ಟಿಪ್ಪಣಿ ಎಚ್ಚರಿಸುತ್ತದೆ. ಎರಡರಲ್ಲಿ ಒಂದಾದರೂ ಸಾಕು, ಯಂತ್ರ ಒಳಗೆ ಓಡುತ್ತಿದ್ದು ಮನೆಯವರು ಹೊರಗುಳಿಯುತ್ತಾರೆ. ಕೆಲಸ ಮುಗಿಯುವವರೆಗೆ ಪರದೆಯನ್ನೂ ಕೀಲಿಮಣೆಯನ್ನೂ ಸರ್ವರಿಗೆ ನೇರವಾಗಿ ಜೋಡಿಸಿಡುವುದೇ ಇದಕ್ಕೆ ಪರಿಹಾರ. ಟ್ರಿಕ್ಸಿಯಲ್ಲಿ ತಾತ್ಕಾಲಿಕ ಕಡತಗಳ ಕೋಶ ಡಿಸ್ಕಿನಿಂದ ಮೆಮೊರಿಗೆ ಸರಿದಿದೆ. ಮೆಮೊರಿಯ ಅರ್ಧದವರೆಗೆ ಅದು ಹಿಗ್ಗಬಲ್ಲುದರಿಂದ ಎರಡು ಜಿಬಿಯ ಯಂತ್ರದವರು ಅದನ್ನು ಗಮನಿಸಬೇಕು.

ಕನ್ನಡದ ಕಡತಗಳಿಗೆ ಬೇರೆಯದೇ ತೊಡಕಿದೆ. ಯೂನಿಕೋಡ್ ಬಳಕೆಗೆ ಬರುವ ಮುನ್ನ ಬೆರಳಚ್ಚಿಸಿದ ಕಡತಗಳಲ್ಲಿ ಕನ್ನಡದ ಅಕ್ಷರವೆಂಬುದು ನಿಜವಾಗಿ ಇಲ್ಲ. ಇಂಗ್ಲಿಷ್ ಅಕ್ಷರಗಳ ಸಂಕೇತಗಳಿಗೆ ಫಾಂಟು ಕನ್ನಡದ ಆಕಾರಗಳನ್ನು ತೊಡಿಸಿದೆ, ಅಷ್ಟೆ. ಆ ಫಾಂಟು ಇಲ್ಲದ ಹೊಸ ವ್ಯವಸ್ಥೆಯಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ. ಏರಿಸಿದ್ದರಿಂದ ಪತ್ರಗಳು ಹಾಳಾದವೆಂದು ಮನೆಯವರು ಗಾಬರಿಯಾಗಬಾರದು, ಅವು ಇದ್ದಂತೆಯೇ ಇವೆ. ಹಳೆಯ ವ್ಯವಸ್ಥೆ ಜೀವಂತವಿರುವಾಗಲೇ ಪರಿವರ್ತಕದ ನೆರವಿನಿಂದ ಅವನ್ನು ಯೂನಿಕೋಡಿಗೆ ತರುವುದು ಲೇಸು. ಪರಿವರ್ತಿಸಿದ ಪಠ್ಯವನ್ನು ಯಾರಾದರೂ ಕುಳಿತು ಮೂಲದೊಂದಿಗೆ ಹೋಲಿಸಿ ಓದಬೇಕು, ಒತ್ತಕ್ಷರಗಳೂ ಅರ್ಕಾವತ್ತೂ ತಪ್ಪುವುದುಂಟು. ಯೂನಿಕೋಡಿಗೆ ಬಂದ ಮೇಲೆ ಗುಬ್ಬಿ, ನವಿಲು ಎಂಬ ಮುಕ್ತ ಫಾಂಟುಗಳು ಡೆಬಿಯನ್ನಿನಲ್ಲೇ ಸಿಗುತ್ತವೆ.

ಏರಿಸಲಿ, ಬಿಡಲಿ, ಕಡತಗಳ ಪ್ರತಿಯಿಲ್ಲದೆ ಏನನ್ನೂ ಮುಟ್ಟಬಾರದು. ಪ್ರತಿಯೆಂದರೆ ಅದೇ ಡಿಸ್ಕಿನ ಇನ್ನೊಂದು ಕೋಶದಲ್ಲಿಟ್ಟ ನಕಲಲ್ಲ. ಒಂದು ಹೊರಗಿನ ಡಿಸ್ಕಿನಲ್ಲಿ, ಇನ್ನೊಂದು ಬೇರೆ ಮನೆಯಲ್ಲಿ ಇರಬೇಕು. ಮಗಳ ಮನೆಯಾಗಲಿ, ತಮ್ಮನ ಮನೆಯಾಗಲಿ, ಅದೇ ಸಿಡಿಲು ಅದೇ ದಿನ ಬಡಿಯದಷ್ಟು ದೂರವಿದ್ದರಾಯಿತು. ಪ್ರತಿ ಮಾಡಿದ್ದೇವೆಂದು ನಂಬಿ ಕೂರುವವರು ಬಹಳ, ಮರಳಿ ತೆರೆದು ನೋಡಿದವರು ಕಡಿಮೆ. ಬಿತ್ತನೆಗಿಟ್ಟ ಬೀಜದಲ್ಲಿ ಒಂದು ಹಿಡಿಯನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿ ಮೊಳಕೆ ನೋಡುವ ಹಾಗೆ, ಪ್ರತಿಯಿಂದ ಒಂದು ವರ್ಷದ ಮಳೆಲೆಕ್ಕವನ್ನು ಬೇರೊಂದು ಯಂತ್ರದಲ್ಲಿ ತೆರೆದು, ಉಳಿದಿರುವ ಕಾಗದದ ಪುಸ್ತಕದೊಂದಿಗೆ ತಾಳೆ ನೋಡಬೇಕು. ವರಲೆ ತಿಂದ ವರ್ಷಗಳ ಅಂಕಿಗಳನ್ನು ಮುದ್ರಿಸಿ ತಗಡಿನ ಪೆಟ್ಟಿಗೆಯಲ್ಲಿಡುವುದು ಇನ್ನೂ ಒಳ್ಳೆಯದು. ಕಾಗದಕ್ಕೆ ರಕ್ಷಣೆಯ ಅವಧಿ ಮುಗಿಯುವುದಿಲ್ಲ, ವರಲೆಯನ್ನು ದೂರವಿಟ್ಟರೆ ಸಾಕು.

ಸಮಯದ ಆಯ್ಕೆಗೆ ಇಲ್ಲಿ ಋತುವೇ ಮಾರ್ಗದರ್ಶಿ. ಏಪ್ರಿಲ್, ಮೇ ತಿಂಗಳು ಸಿಡಿಲಿನ ಕಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರೆಂಟ್ ನೆಚ್ಚುವಂತಿಲ್ಲ. ಕೊನೆ ಕೊಯ್ಲು, ಅಡಿಕೆ ಸುಲಿಯುವ ದಿನಗಳಲ್ಲಿ ಮನೆಮಂದಿಗೆ ಬಿಡುವಿರದು. ಉಳಿಯುವುದು ಫೆಬ್ರುವರಿ, ಮಾರ್ಚ್. ಅಥವಾ ದಸರಾ ರಜೆಯಲ್ಲಿ ಮಕ್ಕಳು ಮನೆಯಲ್ಲಿದ್ದಾಗ. ಏರಿಸುವ ನಡುವೆ ಕರೆಂಟ್ ಹೋದರೆ ಅರ್ಧ ಬಿಚ್ಚಿದ ಪೊಟ್ಟಣಗಳು ಹಾಗೆಯೇ ನಿಲ್ಲುತ್ತವೆ. ಡಿಪಿಕೆಜಿ ಆದೇಶದಿಂದ ಮುಂದುವರಿಸಲು ಸಾಮಾನ್ಯವಾಗಿ ಸಾಧ್ಯವಿದೆ, ಆದರೂ ಯುಪಿಎಸ್ ಇಲ್ಲದೆ ತೊಡಗುವುದು ಜಾಣತನವಲ್ಲ. ನಿಧಾನಗತಿಯ ಸಂಪರ್ಕವಿದ್ದವರು ಪೊಟ್ಟಣಗಳನ್ನೆಲ್ಲ ಹಿಂದಿನ ರಾತ್ರಿಯೇ ಇಳಿಸಿಕೊಂಡು ಮರುದಿನ ಸ್ಥಾಪಿಸಬಹುದು, ಅದಕ್ಕೆ ಪ್ರತ್ಯೇಕ ಆದೇಶವಿದೆ. 64 ಬಿಟ್‌ನ ಡೆಬಿಯನ್ 11 ಇರುವವರು 13ಕ್ಕೆ ನೇರವಾಗಿ ಜಿಗಿಯುವಂತಿಲ್ಲ. 12ಕ್ಕೆ ಏರಿ, ಎಲ್ಲ ಸರಿಯಿದೆಯೆಂದು ಕಂಡು, ಆಮೇಲೆ 13. ಮೆಟ್ಟಿಲು ತಪ್ಪಿಸುವುದಕ್ಕೆ ಡೆಬಿಯನ್ ಬೆಂಬಲ ಕೊಡುವುದಿಲ್ಲ.

ಏರಿಸದೆ ಬಿಡುವುದೂ ಕೆಲವೊಮ್ಮೆ ಸರಿಯಾದ ತೀರ್ಮಾನವೇ. ಪೂರ್ತಿ 32 ಬಿಟ್‌ನ ಯಂತ್ರ, ಬದಲಿಗೆ ಹಣವಿಲ್ಲ, ಕೆಲಸ ಚಿಕ್ಕದು ಎಂದಾದರೆ ಡೆಬಿಯನ್ 12ರವರೆಗೆ ಹೋಗಬಹುದು. ದೀರ್ಘಕಾಲೀನ ರಕ್ಷಣೆಯ ಪಟ್ಟಿಯಲ್ಲಿ ತಮ್ಮ ಬಗೆಯ ಯಂತ್ರವಿದೆಯೇ ಎಂದು ಮಾತ್ರ ನೋಡಿಕೊಳ್ಳಬೇಕು. ಆ ದಿನಾಂಕವೂ ದಾಟಿದ ಮೇಲೆ ಯಂತ್ರವನ್ನು ಓಡಿಸುವುದಾದರೆ ಅಂತರಜಾಲದ ತಂತಿಯನ್ನು ಕಿತ್ತುಬಿಡಬೇಕು. ಹೊರಗಿನಿಂದ ಮನೆಯ ಸರ್ವರಿಗೆ ಬರಲೆಂದು ರೂಟರಿನಲ್ಲಿ ಬಾಗಿಲು ತೆರೆದಿಟ್ಟವರಿಗೆ ಈ ವಿನಾಯಿತಿ ಇಲ್ಲ. ದುರಸ್ತಿ ನಿಂತ ಯಂತ್ರಕ್ಕೆ ತೆರೆದ ಬಾಗಿಲು ಇರಲೇಕೂಡದು. ತಂತಿ ಕಿತ್ತ ಯಂತ್ರಕ್ಕೂ ಪೆನ್ ಡ್ರೈವ್ ಮೂಲಕ ಸೋಂಕು ಬರಬಹುದೆಂಬುದು ನೆನಪಿರಲಿ. ಕೊನೆಗೆ ಯಂತ್ರ ನಿಂತೇಹೋದರೆ ಗುಜರಿಯವನ ತಕ್ಕಡಿಗೆ ಹಾಕದೆ, 2022ರ ಇ-ತ್ಯಾಜ್ಯ ನಿರ್ವಹಣಾ ನಿಯಮಗಳಂತೆ ನೋಂದಾಯಿತ ಮರುಬಳಕೆದಾರರಿಗೆ ತಲುಪಿಸಬೇಕು. ತಾಮ್ರದ ಆಸೆಗೆ ತಂತಿಯನ್ನು ಹಳ್ಳದ ಬದಿಯಲ್ಲಿ ಸುಡುವುದಂತೂ ಕೂಡದು.

ಭಾವಿಸಿಕೊಂಡ ಮನೆಗೆ ಇವನ್ನೆಲ್ಲ ಅನ್ವಯಿಸಿದರೆ ದಾರಿ ಸ್ಪಷ್ಟವಿದೆ. ಡೆಬಿಯನ್ 11ರ ರಕ್ಷಣೆ ಮುಗಿಯುವ ಮೊದಲು, ಮಳೆ ಹಿಡಿಯುವ ಮೊದಲು ಕೆಲಸ ಆಗಬೇಕು. ಪ್ರೊಸೆಸರ್ 64 ಬಿಟ್ ಬಲ್ಲುದಾದ್ದರಿಂದ ಯಂತ್ರ ಉಳಿಯುತ್ತದೆ. ಹಳೆಯ ಡಿಸ್ಕನ್ನು ಅಳಿಸಬೇಕಿಲ್ಲ, ಅದನ್ನು ಬಿಚ್ಚಿ ತೆಗೆದು, ಬೇರೊಂದು ಡಿಸ್ಕ್ ಹಾಕಿ, ಅದರ ಮೇಲೆ ಟ್ರಿಕ್ಸಿಯನ್ನು ಹೊಸದಾಗಿ ಸ್ಥಾಪಿಸಿ, ಪ್ರತಿಯಿಂದ ಕಡತಗಳನ್ನು ತುಂಬಬೇಕು. ಹೊಸದು ಕೈಕೊಟ್ಟರೆ ಎರಡು ಸ್ಕ್ರೂ ತಿರುಗಿಸಿ ಹಳೆಯ ಡಿಸ್ಕನ್ನು ಮರಳಿ ಹಾಕಿದರೆ ಅಜ್ಜನ ಗಾಡಿ ಮೊದಲಿನಂತೆಯೇ ಓಡುತ್ತದೆ. ಒಂದು ಮಳೆಗಾಲ ಹೊಸದನ್ನು ಓಡಿಸಿ ನೋಡುವವರೆಗೆ ಹಳೆಯ ಡಿಸ್ಕನ್ನು ತೇವ ತಾಗದ ಡಬ್ಬಿಯಲ್ಲಿ, ಮೇಲೆ ತಾರೀಕು ಬರೆದು, ಕಪಾಟಿನಲ್ಲಿ ಇಟ್ಟುಕೊಂಡಿರಬೇಕು. ಆ ಮಳೆಗಾಲದ ಅಂಕಿಗಳನ್ನು ಮಾತ್ರ ಅಜ್ಜ ಗಣಕದ ಜೊತೆಗೆ ಕಾಗದದ ಪುಸ್ತಕದಲ್ಲೂ ಬರೆಯಲಿ.